ರೂಪ ಮತ್ತು ಕಂಠದ ಒಡೆತನ: ನಮ್ಮ ನ್ಯಾಯನಿರ್ಣಯಗಳ ಒಂದು ವಿಮರ್ಶೆ

1

ಮನುಷ್ಯನ ಹೊಲ, ಮನೆ, ದನಕರುಗಳು ಯಾರ ಸೊತ್ತೆಂಬುದನ್ನು ಕಾಯಿದೆಗಳು ಬಹುಕಾಲದಿಂದ ನಿರ್ಣಯಿಸುತ್ತ ಬಂದಿವೆ. ಅವನ ಮುಖವೂ ಕಂಠವೂ ಯಾರ ಸೊತ್ತೆಂಬ ಪ್ರಶ್ನೆ ಮಾತ್ರ ಈಚಿನದು. ಮುಖವನ್ನು ಮನುಷ್ಯನಿಂದ ಬೇರ್ಪಡಿಸಿ ಕಾಗದದ ಮೇಲೆ ಮೂಡಿಸುವ ಛಾಯಾಚಿತ್ರವೂ, ಕಂಠವನ್ನು ಬೇರ್ಪಡಿಸಿ ತಟ್ಟೆಯ ಮೇಲೆ ಕೊರೆಯುವ ಗ್ರಾಮಾಫೋನೂ ಬರುವ ತನಕ ಈ ಪ್ರಶ್ನೆ ಏಳುವ ಸಂದರ್ಭವೇ ಇರಲಿಲ್ಲ. ಇಂದು ಗಣಕಯಂತ್ರವು ಒಬ್ಬನು ಎಂದೂ ಆಡದ ಮಾತನ್ನು ಅವನ ಕಂಠದಲ್ಲಿಯೇ ಆಡಿಸಬಲ್ಲುದಾಗಿರುವುದರಿಂದ ಪ್ರಶ್ನೆಯು ತೀವ್ರವಾಗಿದೆ. 2022ರಲ್ಲಿ ಅಮಿತಾಭ್ ಬಚ್ಚನ್, 2023ರಲ್ಲಿ ಅನಿಲ್ ಕಪೂರ್, 2025ರಲ್ಲಿ ಮಂಗಳೂರಿನಲ್ಲಿ ಜನಿಸಿದ ಐಶ್ವರ್ಯಾ ರೈ ಬಚ್ಚನ್ ದಿಲ್ಲಿಯ ಉಚ್ಚ ನ್ಯಾಯಾಲಯದಿಂದ ತಡೆಯಾಜ್ಞೆಗಳನ್ನು ಪಡೆದರು. ಗಾಯಕ ಅರಿಜಿತ್ ಸಿಂಗ್ ಅವರ ಕಂಠದ ಯಾಂತ್ರಿಕ ಅನುಕರಣಕ್ಕೆ ಮುಂಬಯಿಯ ಉಚ್ಚ ನ್ಯಾಯಾಲಯವು 2024ರಲ್ಲಿ ತಡೆ ವಿಧಿಸಿತು.

ಈ ಆಜ್ಞೆಗಳು ಸ್ವಾಗತಾರ್ಹವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವು ಯಾವ ತಳಹದಿಯ ಮೇಲೆ ನಿಂತಿವೆ ಎಂಬುದನ್ನು ಪರೀಕ್ಷಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ. ನಮ್ಮ ವಾದವನ್ನು ಮೊದಲೇ ಹೇಳಿಬಿಡುವುದು ಲೇಸು. 1994ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಹಕ್ಕನ್ನು ವ್ಯಕ್ತಿಗೆ ಸಲ್ಲಿಸಿತು. ಮುಂದಿನ ತೀರ್ಪುಗಳು ಅದನ್ನು ಖ್ಯಾತ ವ್ಯಕ್ತಿಗೆ ಸೀಮಿತಗೊಳಿಸಿದುವು. ಈ ಸಂಕೋಚಕ್ಕೆ ತತ್ತ್ವದ ಆಧಾರವೂ ಇಲ್ಲ, ಚರಿತ್ರೆಯ ಆಧಾರವೂ ಇಲ್ಲ. ಮುಂಬಯಿಯ ಚಿತ್ರೋದ್ಯಮದ ಕಡೆಯಿಂದ ನೋಡುವವರಿಗೆ ಈ ಕೊರತೆ ಕಾಣದು. ಮುದ್ದೇಬಿಹಾಳ ತಾಲೂಕಿನ ನಾಲತವಾಡದಂಥ ಊರಿನಲ್ಲಿ ನಿಂತು ನೋಡಿದರೆ ಕಾಣದಿರುವುದು ಅಸಾಧ್ಯ.

2

ಮೊದಲು ಚರಿತ್ರೆಯನ್ನು ನೋಡೋಣ. 1902ರ ನವೆಂಬರಿನಲ್ಲಿ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡನು. ಹಾಡಿನ ಕೊನೆಗೆ ಅವರು ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಘೋಷಿಸುತ್ತಿದ್ದುದು ಪ್ರಸಿದ್ಧವಾಗಿದೆ. ಕಲಾವಿದೆಯೊಬ್ಬರು ತಮ್ಮ ಕಂಠದ ಮೇಲೆ ಹಕ್ಕು ಸ್ಥಾಪಿಸಿದ ಗುರುತೆಂದು ಇದನ್ನು ಇಂದು ಯಾರಾದರೂ ತಿಳಿಯಬಹುದು. ವಸ್ತುಸ್ಥಿತಿ ಬೇರೆ. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ; ಯಾವ ಮುದ್ರಣ ಯಾರದೆಂದು ಅಲ್ಲಿನ ಕೆಲಸಗಾರರು ಗುರುತಿಸಲೆಂದು ಈ ಘೋಷಣೆಯ ಏರ್ಪಾಡಾಗಿತ್ತು. ಹೆಸರು ಹೇಳಿದ್ದು ಸರಕಿನ ಗುರುತಿಗೆ, ಒಡೆತನದ ಗುರುತಿಗಲ್ಲ. ಅವರ ಚಿತ್ರವು ಅಂಚೆ ಕಾರ್ಡುಗಳ ಮೇಲೆಯೂ ಬೆಂಕಿಪೆಟ್ಟಿಗೆಗಳ ಮೇಲೆಯೂ ಮಾರಾಟವಾಯಿತು. ಅಂಥ ಮಾರಾಟವನ್ನು ತಡೆಯಬಲ್ಲ ಕಾಯಿದೆ ಆಗ ಈ ದೇಶದಲ್ಲಿ ಇರಲಿಲ್ಲ. 1928ರಲ್ಲಿ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದ ಅವರು 1930ರ ಜನವರಿಯಲ್ಲಿ ಆ ನಗರದಲ್ಲಿಯೇ ತೀರಿಕೊಂಡರು.

ಎರಡನೆಯ ನಿದರ್ಶನ ಹುಬ್ಬಳ್ಳಿಯದು. ಗಂಗೂಬಾಯಿ ಹಾನಗಲ್ಲ ಅವರ ಮೊದಲ ತಟ್ಟೆಗಳು 1930ರ ದಶಕದ ಆರಂಭದಲ್ಲಿ ಹೊರಬಂದಾಗ ಅವುಗಳ ಮೇಲೆ ಇದ್ದ ಹೆಸರು ಗಾಂಧಾರಿ ಎಂಬುದು. ಆ ತಟ್ಟೆಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಕಂಠ. ಗಂಟಲಿನ ಶಸ್ತ್ರಚಿಕಿತ್ಸೆಯ ತರುವಾಯ ಅವರ ಕಂಠವು ಗಂಭೀರವಾಗಿ ಮಾರ್ಪಟ್ಟಿತು. ಲೋಕವು ಅವರನ್ನು ಬಲ್ಲದ್ದು ಆ ಎರಡನೆಯ ಕಂಠದಿಂದಲೇ. ನ್ಯಾಯಶಾಸ್ತ್ರದ ದೃಷ್ಟಿಯಿಂದ ಈ ಸಂಗತಿ ಚಿಂತನಾರ್ಹವಾಗಿದೆ. ಕೇಳುವವರು ಗುರುತಿಸಬಲ್ಲ ಕಂಠಕ್ಕೆ ಮಾತ್ರ ರಕ್ಷಣೆಯೆಂದರೆ ಗಂಗೂಬಾಯಿಯವರ ಮೊದಲ ಕಂಠಕ್ಕೆ ರಕ್ಷಣೆಯಿಲ್ಲ. ತಟ್ಟೆಯ ಮೇಲಿನ ಹೆಸರಿಗೆ ರಕ್ಷಣೆಯೆಂದರೆ ಆ ಹೆಸರೇ ಅವರದಲ್ಲ. ಆದರೂ ಎರಡು ಕಂಠಗಳೂ ಒಬ್ಬರವೇ.

ಮೂರನೆಯದು ನಮ್ಮ ವಿಜಾಪುರ ಸೀಮೆಯದೇ. ಹಿಂದೆ ವಿಜಾಪುರ ಜಿಲ್ಲೆಗೆ ಸೇರಿದ್ದು ಈಗ ಬಾಗಲಕೋಟೆ ಜಿಲ್ಲೆಯಲ್ಲಿರುವ ಬೀಳಗಿಯ ಅಮೀರಬಾಯಿ ಕರ್ನಾಟಕಿ ಅವರು 1943ರ 'ಕಿಸ್ಮತ್' ಚಿತ್ರಕ್ಕೆ ಹಾಡಿದರು. ತೆರೆಯ ಮೇಲೆ ಮುಖ ಮುಮ್ತಾಜ್ ಶಾಂತಿ ಅವರದು, ಕಂಠ ಅಮೀರಬಾಯಿಯವರದು. ಹೀಗೆ ಒಬ್ಬರ ರೂಪಕ್ಕೆ ಇನ್ನೊಬ್ಬರ ಕಂಠವನ್ನು ಜೋಡಿಸುವ ಕಲೆ ಯಂತ್ರಯುಗದ ಹೊಸ ಸೃಷ್ಟಿಯೇನೂ ಅಲ್ಲ. ಚಲನಚಿತ್ರವು ಅದನ್ನು 80 ವರ್ಷಗಳ ಹಿಂದೆಯೇ ವ್ಯಾಪಾರದ ಕ್ರಮವಾಗಿ ನೆಲೆಗೊಳಿಸಿತ್ತು. ಹಾಡಿದವರಿಗೆ ಹಾಡಿಕೆಯ ಮೇಲೆ ಕಾಯಿದೆಯ ಹಕ್ಕು ಬಂದದ್ದು 1994ರ ತಿದ್ದುಪಡಿಯಿಂದ. ಅಮೀರಬಾಯಿಯವರು ತೀರಿಕೊಂಡು ಆಗ 29 ವರ್ಷಗಳಾಗಿದ್ದವು.

3

ಗೌಹರ್ ಜಾನ್ ಕಲಕತ್ತೆಯಲ್ಲಿ ಹಾಡಿದ 1902ನೆಯ ವರ್ಷದಲ್ಲಿಯೇ ಅಮೆರಿಕೆಯ ನ್ಯೂಯಾರ್ಕ್ ಸಂಸ್ಥಾನದ ವರಿಷ್ಠ ನ್ಯಾಯಾಲಯವು ಒಂದು ಹೆಸರಾಂತ ವ್ಯಾಜ್ಯವನ್ನು ತೀರ್ಮಾನಿಸಿತು. ಅಬಿಗೇಲ್ ರಾಬರ್ಸನ್ ಎಂಬ ಹುಡುಗಿಯ ಚಿತ್ರವನ್ನು ಅವಳ ಒಪ್ಪಿಗೆ ಇಲ್ಲದೆ ಗೋಧಿಹಿಟ್ಟಿನ ಜಾಹೀರಾತಿಗೆ ಬಳಸಿ 25,000 ಪ್ರತಿಗಳನ್ನು ಹಂಚಲಾಗಿತ್ತು. ಅವಳು ನಟಿಯಲ್ಲ, ಗಾಯಕಿಯಲ್ಲ, ನೆರೆಹೊರೆಯವರ ಹೊರತು ಯಾರಿಗೂ ಪರಿಚಿತಳಲ್ಲ. ನ್ಯಾಯಾಲಯವು 4-3ರ ಬಹುಮತದಿಂದ ಅವಳ ಬೇಡಿಕೆಯನ್ನು ತಳ್ಳಿಹಾಕಿತು. ಜನರ ಅಸಮಾಧಾನ ಎಷ್ಟು ಪ್ರಬಲವಾಯಿತೆಂದರೆ 1903ರಲ್ಲಿ ಆ ಸಂಸ್ಥಾನದ ಶಾಸನಸಭೆಯು ಜೀವಂತ ವ್ಯಕ್ತಿಯ ಹೆಸರನ್ನಾಗಲಿ ಚಿತ್ರವನ್ನಾಗಲಿ ಲಿಖಿತ ಸಮ್ಮತಿಯಿಲ್ಲದೆ ಜಾಹೀರಾತಿಗೆ ಬಳಸುವುದನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿತು.

ಇಲ್ಲಿ ಗಮನಿಸಬೇಕಾದ ಅಂಶವಿಷ್ಟೇ: ಈ ಹಕ್ಕಿನ ಮೊದಲ ಶಾಸನಗಳಲ್ಲೊಂದು ಹುಟ್ಟಿದ್ದು ಅಪ್ರಸಿದ್ಧಳಾದ ಹುಡುಗಿಯೊಬ್ಬಳ ನೋವಿನಿಂದ. ಖ್ಯಾತಿಯ ಮಾರುಕಟ್ಟೆ ಬೆಲೆಯನ್ನು ಆಧರಿಸಿದ 'ಪ್ರಚಾರದ ಹಕ್ಕು' ಅಮೆರಿಕೆಯಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರಗಳ ವ್ಯಾಜ್ಯದಲ್ಲಿ ತಲೆದೋರಿದ್ದು 1953ರಲ್ಲಿ, ಅಂದರೆ ಅರ್ಧ ಶತಮಾನದ ಮೇಲೆ. ಹಿರಿಯದು ವ್ಯಕ್ತಿಯ ಹಕ್ಕು; ಕಿರಿಯದು ಖ್ಯಾತಿಯ ಹಕ್ಕು. ನಮ್ಮ ತೀರ್ಪುಗಳಲ್ಲಿ ಕಿರಿಯದು ಹಿರಿಯದನ್ನು ನುಂಗಿದೆಯೆಂಬುದೇ ನಮ್ಮ ಆಕ್ಷೇಪ.

4

ನಮ್ಮ ದೇಶದಲ್ಲಿ ರೂಪ ಮತ್ತು ಕಂಠವನ್ನು ನೇರವಾಗಿ ಕಾಯುವ ಪ್ರತ್ಯೇಕ ಕಾಯಿದೆಯಿಲ್ಲ. ಬೇರೆ ಬೇರೆ ಉದ್ದೇಶದ ಕಾಯಿದೆಗಳಲ್ಲಿ ಅಲ್ಲಲ್ಲಿ ತುಣುಕುಗಳು ಸಿಗುತ್ತವೆ. ಅವುಗಳಲ್ಲಿ ಮುಖ್ಯವಾದವನ್ನು ನಾಲತವಾಡದ ನಿತ್ಯಜೀವನಕ್ಕೆ ಅನ್ವಯಿಸಿ ನೋಡಬಹುದು.

ಊರಿನ ಛಾಯಾಚಿತ್ರದ ಅಂಗಡಿಯವನು ತಾನು ತೆಗೆದ ಮದುವೆಯ ಚಿತ್ರಗಳಲ್ಲಿ ಚೆನ್ನಾದ ಒಂದನ್ನು ದೊಡ್ಡದು ಮಾಡಿ ಅಂಗಡಿಯ ಮುಂದೆ ತೂಗುಹಾಕುವುದು ಎಲ್ಲೆಡೆ ಕಾಣುವ ವಾಡಿಕೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವನು. ಆದರೆ 17ನೆಯ ಕಲಮಿನಂತೆ, ಹಣ ಕೊಟ್ಟು ಚಿತ್ರ ತೆಗೆಯಿಸಿದವನು, ಬೇರೆ ಒಪ್ಪಂದವಿಲ್ಲದಿದ್ದರೆ, ಅದರ ಮೊದಲ ಸ್ವಾಮಿಯಾಗುತ್ತಾನೆ. ಆದ್ದರಿಂದ ತೂಗುಹಾಕಿದ ಚಿತ್ರವನ್ನು ಇಳಿಸೆಂದು ಕೇಳುವ ಅಧಿಕಾರ ಹಣ ಕೊಟ್ಟ ತಂದೆಗೆ ಉಂಟು. ಯಾವ ಮಗಳ ಮುಖ ಅಲ್ಲಿ ತೂಗುತ್ತಿದೆಯೋ ಆಕೆಗೆ ಈ ಕಲಮಿನಿಂದ ಏನೂ ದೊರೆಯುವುದಿಲ್ಲ. ಕಾಯಿದೆ ನೋಡುವುದು ತೆಗೆದ ಕೈಯನ್ನು, ಕೊಟ್ಟ ಹಣವನ್ನು, ಮುಖವನ್ನಲ್ಲ.

ಇನ್ನೊಂದು ಸಂದರ್ಭವನ್ನು ಭಾವಿಸೋಣ. ಬೀಜದ ಕಂಪನಿಯೊಂದರ ಪ್ರತಿನಿಧಿ ತೊಗರಿಯ ಹೊಲಕ್ಕೆ ಬಂದು, ಪೈರಿನ ನಡುವೆ ನಗುತ್ತ ನಿಂತ ರೈತನ ಚಿತ್ರವನ್ನು ತೆಗೆದುಕೊಂಡು ಹೋಗುತ್ತಾನೆ. ಮರುವರ್ಷ ಆ ಮುಖ ಬೀಜದ ಚೀಲದ ಮೇಲೆ ಅಚ್ಚಾಗುತ್ತದೆ. ರೈತನು ಹಣ ಕೊಟ್ಟಿಲ್ಲವಾದ್ದರಿಂದ ಚಿತ್ರದ ಸ್ವಾಮ್ಯ ಅವನಿಗಿಲ್ಲ. ಆ ಬೀಜವನ್ನು ಅವನು ಬಿತ್ತಿರದೆ ಇರಬಹುದು; ಬಿತ್ತಿ ನಷ್ಟ ಅನುಭವಿಸಿಯೂ ಇರಬಹುದು. ಆದರೂ ಅವನ ನಗೆ ಆ ಬೀಜಕ್ಕೆ ಸಾಕ್ಷಿ ಹೇಳುತ್ತಲೇ ಇರುತ್ತದೆ. ಅವನನ್ನು ನಂಬಿ ನೆರೆಯ ಊರಿನವರು ಬೀಜ ಕೊಂಡರೆ ಊರಿನಲ್ಲಿ ಅವನ ಮಾತಿಗೆ ಏನು ಬೆಲೆ ಉಳಿದೀತು?

1950ರ ಲಾಂಛನಗಳ ಮತ್ತು ಹೆಸರುಗಳ ದುರುಪಯೋಗ ತಡೆ ಕಾಯಿದೆಯು ಮಹಾತ್ಮಾ ಗಾಂಧಿ, ಛತ್ರಪತಿ ಶಿವಾಜಿ, ಜವಾಹರಲಾಲ್ ನೆಹರೂ ಮೊದಲಾದವರ ಹೆಸರು ಮತ್ತು ಚಿತ್ರಗಳನ್ನು ವ್ಯಾಪಾರದಿಂದ ಕಾಯುತ್ತದೆ. ಸರಕಿನ ಜಾಹೀರಾತಾಗಿ ಬಳಸದ ಕ್ಯಾಲೆಂಡರಿಗೆ ಅದರಲ್ಲಿ ವಿನಾಯಿತಿ ಕೂಡ ಇದೆ. ಇಷ್ಟು ಸೂಕ್ಷ್ಮವಾಗಿ ಯೋಚಿಸಿದ ಶಾಸನವು ರಾಷ್ಟ್ರಪುರುಷರ ಗೌರವವನ್ನು ಕಾಯ್ದಿತೇ ಹೊರತು ಪ್ರಜೆಯ ಮುಖವನ್ನು ನೆನೆಯಲಿಲ್ಲ.

ಆದರೆ ಖ್ಯಾತಿಯನ್ನು ಕೇಳದ ಕಾಯಿದೆಯೂ ನಮ್ಮಲ್ಲಿ ಒಂದಿದೆಯೆಂಬುದನ್ನು ಒತ್ತಿ ಹೇಳಬೇಕು. ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಸೇರಿದ ಪ್ರದರ್ಶಕರ ಹಕ್ಕು ನಟ, ಗಾಯಕ, ನರ್ತಕರಿಗೆ ಮಾತ್ರವಲ್ಲದೆ ದೊಂಬರಾಟದವನಿಗೆ, ಜಾದೂಗಾರನಿಗೆ, ಹಾವಾಡಿಗನಿಗೆ, ಉಪನ್ಯಾಸ ಮಾಡುವವನಿಗೆ ಸಹ ಸಲ್ಲುತ್ತದೆ. ಅದರ ಅವಧಿ ಈಗ 50 ವರ್ಷ. ಜಾತ್ರೆಯಲ್ಲಿ ಗೀಗೀ ಪದ ಹಾಡುವವಳೂ ಕಾಲೇಜಿನ ಅಧ್ಯಾಪಕನೂ ಇಲ್ಲಿ ಸಮಾನರು. 'ನೀನು ಪ್ರಸಿದ್ಧನೋ' ಎಂದು ಈ ಶಾಸನ ಕೇಳುವುದಿಲ್ಲ. 'ನೀನು ಹಾಡಿದೆಯೋ, ನುಡಿದೆಯೋ' ಎಂದಷ್ಟೇ ಕೇಳುತ್ತದೆ. ಅದರ ಮಿತಿ ಬೇರೆಡೆ ಇದೆ. ಅದು ಕಾಯುವುದು ಹಾಡಿದ ಹಾಡನ್ನು, ಹಾಡುವ ಕಂಠವನ್ನಲ್ಲ. ಆಕೆ ಎಂದೂ ಹಾಡದ ಪದವನ್ನು ಯಂತ್ರವು ಆಕೆಯ ಕಂಠದಲ್ಲಿ ಹಾಡಿದರೆ ಅದು ಆಕೆಯ ಪ್ರದರ್ಶನವಾಗುವುದಿಲ್ಲ.

5

ಈ ತೆರಪನ್ನು ತುಂಬಿದವರು ನ್ಯಾಯಾಧೀಶರು. ಆರಂಭ ಉದಾತ್ತವಾಗಿಯೇ ಇತ್ತು. 1994ರ ರಾಜಗೋಪಾಲ್ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಒಬ್ಬ ವ್ಯಕ್ತಿಯ ಹೆಸರನ್ನೋ ರೂಪವನ್ನೋ ಜಾಹೀರಾತಿಗೆ ಅಥವಾ ಇತರ ಕಾರ್ಯಕ್ಕೆ ಬಳಸುವುದು ಅವನ ಖಾಸಗಿತನದ ಭಂಗವೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿತು. ಆ ವ್ಯಾಜ್ಯವು ಯಾರ ಜೀವನಕಥೆಯನ್ನು ಕುರಿತದ್ದು? ಮರಣದಂಡನೆಗೆ ಗುರಿಯಾಗಿ ಸೆರೆಮನೆಯಲ್ಲಿದ್ದ ಆಟೋ ಶಂಕರನದು. ಸರಕಿಗೆ ಮೆರುಗು ಕೊಡಬಲ್ಲ ಕೀರ್ತಿ ಅವನಲ್ಲಿ ಇರಲಿಲ್ಲ. ಸಾರ್ವಜನಿಕ ದಾಖಲೆಯಲ್ಲಿರುವುದನ್ನು ಪತ್ರಿಕೆ ಪ್ರಕಟಿಸಬಹುದೆಂದು ಹೇಳುತ್ತಲೇ ನ್ಯಾಯಾಲಯವು ತತ್ತ್ವವನ್ನು ಎಲ್ಲ ವ್ಯಕ್ತಿಗಳಿಗೂ ಅನ್ವಯಿಸುವಂತೆ ನಿರೂಪಿಸಿತು.

2003ರಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವು ಕ್ರಿಕೆಟ್ ಸಂಸ್ಥೆಯೊಂದರ ದಾವೆಯಲ್ಲಿ, ಈ ಹಕ್ಕು ಖಾಸಗಿತನದಿಂದ ಬೆಳೆದದ್ದು, ಮನುಷ್ಯರಿಗೇ ಸಲ್ಲತಕ್ಕದ್ದು, ಸಂಸ್ಥೆಗಳಿಗಲ್ಲ ಎಂದಿತು. ಅಲ್ಲಿಯವರೆಗೆ ದಾರಿ ನೇರವಾಗಿದೆ. ತಿರುವು ಕಾಣುವುದು 2012ರ ಟೈಟನ್ ಪ್ರಕರಣದಲ್ಲಿ. ಅಮಿತಾಭ್ ಮತ್ತು ಜಯಾ ಬಚ್ಚನ್ ದಂಪತಿಗಳ ಆಭರಣದ ಜಾಹೀರಾತನ್ನು ಮುಜಫ್ಫರನಗರದ ವ್ಯಾಪಾರಿಯೊಬ್ಬನು ನಕಲು ಮಾಡಿದ್ದನು. ನ್ಯಾಯಾಲಯವು ಹಕ್ಕಿನ ಲಕ್ಷಣಗಳನ್ನು ಹೇಳುವಾಗ ಖ್ಯಾತ ವ್ಯಕ್ತಿಯನ್ನೇ ಕೇಂದ್ರವಾಗಿಟ್ಟಿತು. ಬಹು ಮಂದಿ ಬಲ್ಲ, ಬಹು ಮಂದಿ ಮಾತಾಡಿಕೊಳ್ಳುವ ವ್ಯಕ್ತಿಯೇ ಖ್ಯಾತನೆಂದಿತು. ಮುಂದಿದ್ದವರು ತಾರೆಗಳೇ ಆದುದರಿಂದ ಆ ಮಟ್ಟಿಗೆ ತಪ್ಪಿಲ್ಲ. ಆದರೆ 2015ರಲ್ಲಿ ಶಿವಾಜಿರಾವ್ ಗಾಯಕವಾಡ, ಎಂದರೆ ಬೆಂಗಳೂರಿನಲ್ಲಿ ಹುಟ್ಟಿ ಅಲ್ಲಿಯೇ ಬಸ್ಸಿನ ಕಂಡಕ್ಟರಾಗಿದ್ದ ರಜನೀಕಾಂತ್, ಮದರಾಸಿನ ಉಚ್ಚ ನ್ಯಾಯಾಲಯಕ್ಕೆ ಹೋದಾಗ, ವ್ಯಕ್ತಿತ್ವದ ಹಕ್ಕು ಖ್ಯಾತಿಯ ಅಂತಸ್ತನ್ನು ಪಡೆದವರಲ್ಲಿ ನೆಲೆಸುತ್ತದೆಂದು ಸಾಮಾನ್ಯ ಸೂತ್ರವಾಗಿಯೇ ಹೇಳಲಾಯಿತು. ನಿದರ್ಶನವಾಗಿದ್ದದ್ದು ಇಲ್ಲಿ ನಿಯಮವಾಯಿತು. ಈ ಸೂತ್ರದಂತೆ, ಅದೇ ಮನುಷ್ಯನಿಗೆ ಕಂಡಕ್ಟರಾಗಿದ್ದಾಗ ತನ್ನ ಮುಖದ ಮೇಲೆ ಇಲ್ಲದ ಹಕ್ಕು ನಟನಾದ ಮೇಲೆ ಉಂಟಾಯಿತೆಂದು ಒಪ್ಪಬೇಕಾಗುತ್ತದೆ. ಮುಖ ಅದೇ, ಮನುಷ್ಯ ಅವನೇ.

ಈ ಸೂತ್ರದ ದೋಷಗಳು ಮೂರು. ಮೊದಲನೆಯದಾಗಿ, 'ಬಹು ಮಂದಿ' ಎಂಬುದಕ್ಕೆ ಅಳತೆಯಿಲ್ಲ. ಊರ ಜಾತ್ರೆಯ ನಾಟಕದಲ್ಲಿ ವರ್ಷವರ್ಷವೂ ಪಾತ್ರ ಮಾಡುವವನನ್ನು ನಾಲತವಾಡವೆಲ್ಲ ಬಲ್ಲದು, ಬೆಂಗಳೂರು ಅರಿಯದು. ಅವನ ಮುಖದಿಂದ ಸರಕು ಮಾರುವುದು ನಾಲತವಾಡದಲ್ಲಿಯೇ ಆದರೆ ಅವನು ಖ್ಯಾತನೋ ಅಖ್ಯಾತನೋ? ಎರಡನೆಯದಾಗಿ, ಇದು ಎರಡು ಬೇರೆ ಹಾನಿಗಳನ್ನು ಒಂದುಗೂಡಿಸುತ್ತದೆ. ತಾರೆಯ ಮುಖ ತೋರಿಸಿ ಸರಕು ಮಾರಿದಾಗ ಮೋಸಹೋಗುವವನು ಗಿರಾಕಿ. ಅದನ್ನು ವ್ಯಾಪಾರಮುದ್ರೆಯ ಕಾಯಿದೆ ವಿಚಾರಿಸಬಲ್ಲದು. ಒಪ್ಪಿಗೆಯಿಲ್ಲದೆ ಮುಖ ಬಳಸಿದಾಗ ಅವಮಾನಿತನಾಗುವವನು ಆ ಮುಖದವನು. ಅದಕ್ಕೆ ಖ್ಯಾತಿಯ ಅಗತ್ಯವಿಲ್ಲ. ಮೂರನೆಯದಾಗಿ, ಮಾರುಕಟ್ಟೆಯ ಬೆಲೆಯೇ ಹಕ್ಕಿನ ಆಧಾರವಾದರೆ ಮಾರಲೊಲ್ಲದವನಿಗೆ ಹಕ್ಕೇ ಇಲ್ಲದಂತಾದೀತು. ಡಾ. ರಾಜ್‌ಕುಮಾರ್ ಅವರು ಜಾಹೀರಾತುಗಳಿಂದ ದೂರ ಉಳಿದು, ರೈತರ ಸಂಸ್ಥೆಯೆಂಬ ಕಾರಣಕ್ಕೆ ನಂದಿನಿ ಹಾಲಿಗೆ ಮಾತ್ರ ಸಂಭಾವನೆಯಿಲ್ಲದೆ ತಮ್ಮ ಮುಖವನ್ನು ಕೊಟ್ಟರು. ಅವರ ಮುಖಕ್ಕೆ ಮಾರುಕಟ್ಟೆಯಲ್ಲಿ ಅವರೇ ಬೆಲೆ ಕಟ್ಟಿರಲಿಲ್ಲ. ಆ ನಿರಾಕರಣೆಯೂ ಹಕ್ಕಿನ ಚಲಾವಣೆಯೇ ಎಂಬುದನ್ನು ಖ್ಯಾತಿಯ ಸೂತ್ರ ವಿವರಿಸಲಾರದು.

ಹಿಂದಿರುಗುವ ದಾರಿಯನ್ನು ತೋರಿಸಿದ್ದು ಕರ್ನಾಟಕದ ಹೆಸರುಳ್ಳ ತೀರ್ಪೇ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ 2017ರ ಆಗಸ್ಟಿನಲ್ಲಿ 9 ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ತನ್ನ ರೂಪವು ಲೋಕಕ್ಕೆ ಹೇಗೆ ತೋರಬೇಕೆಂಬುದನ್ನೂ ತನ್ನ ಗುರುತಿನ ವಾಣಿಜ್ಯ ಬಳಕೆಯನ್ನೂ ನಿಯಂತ್ರಿಸುವ ಹಕ್ಕು ಪ್ರತಿಯೊಬ್ಬ ವ್ಯಕ್ತಿಗೂ ಇರಬೇಕೆಂದು ಅದರಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಬರೆದರು. 'ಪ್ರತಿಯೊಬ್ಬ' ಎಂಬ ಆ ಒಂದು ಮಾತು 2015ರ ಸೂತ್ರವನ್ನು ಅಲುಗಿಸಲು ಸಾಕು. ಹಾಗಿದ್ದೂ ಈಚಿನ ತಡೆಯಾಜ್ಞೆಗಳು ಅರ್ಜಿದಾರರ ಕೀರ್ತಿಯ ವರ್ಣನೆಗೆ ಕೊಟ್ಟ ಅವಕಾಶವನ್ನು ಅವರ ಒಪ್ಪಿಗೆಯ ವಿವೇಚನೆಗೆ ಕೊಟ್ಟಿಲ್ಲ. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು ಸಮ್ಮತಿಯನ್ನು ಮುಖ್ಯವಾಗಿಟ್ಟಿರುವುದು ಸಮಾಧಾನಕರ. ಆದರೆ ವ್ಯಕ್ತಿಯು ತಾನೇ ಸಾರ್ವಜನಿಕವಾಗಿ ಪ್ರಕಟಿಸಿದ ದತ್ತಾಂಶ ಅದರ ಹೊರಗೆ ಉಳಿಯುತ್ತದೆ. ಮೊಬೈಲಿನಲ್ಲಿ ತನ್ನ ಹಾಡನ್ನು ತಾನೇ ಹಂಚಿಕೊಂಡ ಹಳ್ಳಿಯ ಗಾಯಕಿ ಈ ಬಾಗಿಲಿನಿಂದಲೂ ಹೊರಗೇ ನಿಲ್ಲುತ್ತಾಳೆ.

6

ವ್ಯಕ್ತಿಯ ಹಕ್ಕೆಂದು ಒಪ್ಪಿದರೆ ಅವನ ಮರಣದ ನಂತರ ಏನೆಂಬ ಪ್ರಶ್ನೆ ಏಳುತ್ತದೆ. ಕನ್ನಡ ಚಿತ್ರರಂಗವು ಇದನ್ನು ಎದುರಿಸಿದೆ. 2009ರ ಡಿಸೆಂಬರಿನಲ್ಲಿ ತೀರಿಕೊಂಡ ವಿಷ್ಣುವರ್ಧನ್ ಅವರ ರೂಪವನ್ನು 2016ರ 'ನಾಗರಹಾವು' ಚಿತ್ರದಲ್ಲಿ ಗಣಕಯಂತ್ರದಿಂದ ಪುನಃ ನಿರ್ಮಿಸಲಾಯಿತು. 2021ರಲ್ಲಿ ಅಕಾಲಮರಣಕ್ಕೀಡಾದ ಪುನೀತ್ ರಾಜ್‌ಕುಮಾರ್ ಅವರ 'ಜೇಮ್ಸ್' ಚಿತ್ರವು 2022ರ ಮಾರ್ಚಿನಲ್ಲಿ ಅಣ್ಣ ಶಿವರಾಜ್‌ಕುಮಾರ್ ಅವರ ಕಂಠದೊಡನೆ ತೆರೆಕಂಡಿತು. ಕೆಲವು ವಾರಗಳ ನಂತರ ಪುನೀತರ ಕಂಠವನ್ನೇ ಯಂತ್ರಸಾಧನದಿಂದ ಸಿದ್ಧಪಡಿಸಿ ಅಳವಡಿಸಲಾಯಿತು. ಎರಡನೆಯ ನಿದರ್ಶನದಲ್ಲಿ ನಟಿಸಿದವರು ಅವರೇ, ಮನೆಯವರೂ ಜೊತೆಗಿದ್ದರು. ಮೊದಲನೆಯದರಲ್ಲಿ ನಟನೆಯೇ ಅವರದಲ್ಲ. ಈ ಭೇದವನ್ನು ಕಾಯಿದೆ ಗುರುತಿಸುವುದಿಲ್ಲ.

ಮೇಲುಕೋಟೆಯಲ್ಲಿ ಜನಿಸಿದ ಜಯಲಲಿತಾ ಅವರ ಜೀವನವನ್ನು ಕುರಿತ ಚಿತ್ರದ ವಿರುದ್ಧ ಅವರ ಸಹೋದರನ ಮಗಳು ಹೂಡಿದ ದಾವೆಯಲ್ಲಿ, ಖಾಸಗಿತನವು ವ್ಯಕ್ತಿಯೊಡನೆಯೇ ಅಳಿಯುವುದೆಂದೂ ಉತ್ತರಾಧಿಕಾರಿಗೆ ಬರುವುದಿಲ್ಲವೆಂದೂ ಮದರಾಸಿನ ನ್ಯಾಯಾಲಯವು 2021ರಲ್ಲಿ ನಿರ್ಣಯಿಸಿತು. ರಾಜಕಾರಣಿಯ ಜೀವನಚಿತ್ರದ ಮಟ್ಟಿಗೆ ಇದು ಯೋಗ್ಯವೇ. ಇಲ್ಲವಾದರೆ ಚರಿತ್ರೆ ಬರೆಯುವವರು ಮೊಮ್ಮಕ್ಕಳ ಅಪ್ಪಣೆಗಾಗಿ ಕಾಯಬೇಕಾದೀತು. ಆದರೆ ಚರಿತ್ರೆ ಬರೆಯುವುದಕ್ಕೂ ಸತ್ತವನ ಬಾಯಿಂದ ಸಾಬೂನು ಮಾರಿಸುವುದಕ್ಕೂ ಅಂತರವಿದೆ. 1999ರ ವ್ಯಾಪಾರಮುದ್ರೆಗಳ ಕಾಯಿದೆಯ 14ನೆಯ ಕಲಮಿನಲ್ಲಿ, ತೀರಿಕೊಂಡು 20 ವರ್ಷ ಕಳೆಯದವನ ಹೆಸರು ಅಥವಾ ಚಿತ್ರ ಅವನೊಡನೆ ಸುಳ್ಳು ಸಂಬಂಧವನ್ನು ಸೂಚಿಸುವಂತಿದ್ದರೆ, ಅವನ ವಾರಸುದಾರರ ಲಿಖಿತ ಸಮ್ಮತಿಯನ್ನು ನೋಂದಣಿಯ ಅಧಿಕಾರಿ ಕೇಳಬಹುದೆಂದಿದೆ. ಮರಣದೊಂದಿಗೆ ಎಲ್ಲವೂ ಮುಗಿಯಿತೆಂಬ ಸಿದ್ಧಾಂತ ಹೀಗೆ ನಮ್ಮ ಶಾಸನದಲ್ಲಿಯೇ ಪೂರ್ಣವಾಗಿ ನಿಲ್ಲುವುದಿಲ್ಲ.

7

ನಮ್ಮ ವಾದಕ್ಕೆ ಒಂದು ಪ್ರಬಲವಾದ ಆಕ್ಷೇಪವಿದೆ. ಪ್ರತಿಯೊಬ್ಬರಿಗೂ ಈ ಹಕ್ಕನ್ನು ಕೊಟ್ಟರೆ ಪತ್ರಿಕೆ, ವಿಡಂಬನೆ, ಸಂಶೋಧನೆಗಳ ಗತಿಯೇನು? 2010ರಲ್ಲಿ ಗಾಯಕ ದಲೇರ್ ಮೆಹಂದಿ ಅವರಂತೆ ಕಂಡು ಅವರ ಹಾಡನ್ನು ಹಾಡುವ ಬೊಂಬೆಗಳ ವ್ಯಾಜ್ಯದಲ್ಲಿ ಅವರ ಪರವಾಗಿ ತೀರ್ಪು ಕೊಟ್ಟ ದಿಲ್ಲಿಯ ನ್ಯಾಯಾಲಯವೇ, ಈ ಹಕ್ಕನ್ನು ಅತಿಯಾಗಿ ಎಳೆದರೆ ವಾಕ್‌ಸ್ವಾತಂತ್ರ್ಯ ಕುಗ್ಗುವುದೆಂದು ಎಚ್ಚರಿಸಿತು. ಆ ಎಚ್ಚರಿಕೆಯನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ಗಾಂಧಾರಿಯ ತಟ್ಟೆಯೂ ಬೆಂಕಿಪೆಟ್ಟಿಗೆಯ ಮೇಲಿನ ಚಿತ್ರವೂ ಅಮೂಲ್ಯ ಆಧಾರಗಳು. ಆದರೆ ವಾಕ್‌ಸ್ವಾತಂತ್ರ್ಯಕ್ಕೆ ಬೇಲಿಯಾಗಬೇಕಾದದ್ದು ಬಳಕೆಯ ಸ್ವರೂಪ. ಖ್ಯಾತಿಯನ್ನು ಬೇಲಿಯಾಗಿ ಮಾಡಿದ್ದರಿಂದ ವಿಡಂಬನೆಗೆ ಯೋಗ್ಯರಾದ ಪ್ರಬಲರಿಗೆ ರಕ್ಷಣೆಯೂ, ರಕ್ಷಣೆಗೆ ಯೋಗ್ಯರಾದ ದುರ್ಬಲರಿಗೆ ಶೂನ್ಯವೂ ದೊರೆತಂತಾಗಿದೆ.

ಇದುವರೆಗಿನ ವಿವೇಚನೆಯಿಂದ ಮೂರು ಅಂಶಗಳು ನಿಷ್ಪನ್ನವಾಗುತ್ತವೆ. ರೂಪ ಮತ್ತು ಕಂಠವನ್ನು ಸರಕಿನ ಮಾರಾಟಕ್ಕೆ ಬಳಸಲು ಆ ವ್ಯಕ್ತಿಯ ಸಮ್ಮತಿ ಅವಶ್ಯ. ಅವನು ಯಾರೆಂಬುದು ಅಪ್ರಸ್ತುತ. ಖ್ಯಾತಿಯು ಪರಿಹಾರದ ಮೊತ್ತವನ್ನು ನಿರ್ಣಯಿಸಬಹುದು, ಹಕ್ಕಿನ ಅಸ್ತಿತ್ವವನ್ನಲ್ಲ. ಮರಣಾನಂತರ ಮಿತವಾದ ಅವಧಿಯವರೆಗೆ ವ್ಯಾಪಾರದ ಬಳಕೆಗೆ ಮಾತ್ರ ತಡೆಯಿರಬೇಕು, ಬರವಣಿಗೆಗೆ ಇರಕೂಡದು. ಇವುಗಳಲ್ಲಿ ಹೊಸದೇನೂ ಇಲ್ಲ. 1994ರ ತೀರ್ಪನ್ನು ಅದರ ಮಾತಿನಂತೆಯೇ ಓದಿದರೆ ಮೊದಲನೆಯದು ಅಲ್ಲಿಯೇ ಇದೆ. ಬೀಜದ ಚೀಲದ ಮೇಲೆ ಅಚ್ಚಾದ ರೈತನು ಒಂದು ದಿನ ಮುದ್ದೇಬಿಹಾಳದ ನ್ಯಾಯಾಲಯದ ಮೆಟ್ಟಿಲೇರಿದಾಗ ಅವನಿಗೆ ಕೇಳಬೇಕಾದ ಪ್ರಶ್ನೆ 'ನಿನ್ನನ್ನು ಎಷ್ಟು ಜನ ಬಲ್ಲರು' ಎಂಬುದಲ್ಲ, 'ನಿನ್ನನ್ನು ಯಾರಾದರೂ ಕೇಳಿದರೇ' ಎಂಬುದು.